ಗಿಡ ಉಳಿದವು, ಹಕ್ಕಿ ಹೋಯಿತು: ಹೊಳೆಯಾಚೆಯ ಅಭಯಾರಣ್ಯದ ಐವತ್ತು ವರ್ಷ

ಹೊಳಲಿನ ಪಶ್ಚಿಮಕ್ಕೆ ತುಂಗಭದ್ರೆ. ಹೊಳೆ ದಾಟಿದರೆ ಹಾವೇರಿ ಜಿಲ್ಲೆ, ಇನ್ನಷ್ಟು ಮುಂದಕ್ಕೆ ಹೋದರೆ ರಾಣೆಬೆನ್ನೂರು. ಅಲ್ಲಿ 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯವಿದೆ. 1974ರಲ್ಲಿ ಸರ್ಕಾರ ಅದನ್ನು ಘೋಷಿಸಿದಾಗ ಉಳಿಸಬೇಕೆಂದುಕೊಂಡದ್ದು ಎರಡು ಜೀವಗಳನ್ನು. ಒಂದು, ನಮ್ಮ ಕಡೆ ಚಿಗರಿ ಎಂದು ಕರೆಯುವ ಕೃಷ್ಣಮೃಗ. ಇನ್ನೊಂದು ಎರೆಭೂತ, ಕೆಲವು ಕಡೆ ಎರ್ಲಡ್ಡು ಎನ್ನುತ್ತಾರೆ. ಇಂಗ್ಲಿಷಿನವರ ಗ್ರೇಟ್ ಇಂಡಿಯನ್ ಬಸ್ಟರ್ಡ್. ಐವತ್ತು ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ ಚಿಗರಿಗಳು ಸಾವಿರಗಟ್ಟಲೆ ಇವೆ. ಎರೆಭೂತ ಒಂದೂ ಇಲ್ಲ.

ಒಂದೇ ಆದೇಶ, ಒಂದೇ ಇಲಾಖೆ, ಒಂದೇ ನೆಲ. ಅರ್ಧ ಗೆದ್ದಿತು, ಅರ್ಧ ಸೋತಿತು. ಇದು ಹೇಗಾಯಿತು ಎಂಬುದನ್ನು ಈ ಬರಹದಲ್ಲಿ ನೋಡಲು ಹೊರಟಿದ್ದೇವೆ. ಹಳೆಯ ಕಥೆ ಈಗೇಕೆ ಎಂದರೆ, ಹೊಳೆಯ ಈಚೆಗೆ, ನಮ್ಮ ಐದಾರು ತಾಲ್ಲೂಕುಗಳಲ್ಲಿ, ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಒಂದರ ಹಿಂದೊಂದು ಸಂರಕ್ಷಿತ ಪ್ರದೇಶಗಳು ಘೋಷಣೆಯಾಗಿವೆ. ಅವುಗಳಿಗೂ ಯೋಜನೆಗಳಿವೆ. ಆ ಯೋಜನೆಗಳ ಹಣೆಬರಹ ಏನಾಗಬಹುದು ಎಂದು ತಿಳಿಯಲು ಹೊಳೆಯಾಚೆ ನೋಡುವುದೇ ಹತ್ತಿರದ ದಾರಿ.

ಮೊದಲು ಹಕ್ಕಿಯ ವಿಷಯ. ಹೆಸರಿನಲ್ಲೇ ಅದರ ಜಾಗ ಇದೆ. ಎರೆ ಎಂದರೆ ಕಪ್ಪು ಮಣ್ಣಿನ ಹೊಲ. ಮರವಿಲ್ಲದ ಬಯಲು, ಮೊಣಕಾಲೆತ್ತರದ ಹುಲ್ಲು, ನಡುನಡುವೆ ಜೋಳ, ಕಡಲೆ, ಕುಸುಬೆಯ ಹೊಲ, ಇಷ್ಟಿದ್ದರೆ ಅದಕ್ಕೆ ಸಾಕು. ಗಂಡು ಹಕ್ಕಿ ಹದಿನೈದು ಕಿಲೋದವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದು. ಹೆಣ್ಣು ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯನ್ನು ನಾಯಿ ತಿಂದರೆ, ಕುರಿಯ ಹಿಂಡು ತುಳಿದರೆ ಆ ಸಲದ ಸಂತಾನ ಮುಗಿಯಿತು. ಸುತ್ತ ಬಹುದೂರ ಕಾಣುವಂತಿದ್ದರೆ ಮಾತ್ರ ಅದಕ್ಕೆ ಧೈರ್ಯ. ಮರ ಎದ್ದರೆ ಆ ಜಾಗ ಅದಕ್ಕೆ ಪರಕೀಯ. ರಾಷ್ಟ್ರಪಕ್ಷಿಯ ಆಯ್ಕೆಯ ಮಾತು ನಡೆದಾಗ ಪಕ್ಷಿತಜ್ಞ ಸಲೀಂ ಅಲಿ ಇದರ ಪರ ವಾದಿಸಿದ್ದರು. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು.

ಈಗ ನೆಲದ ವಿಷಯ. ರಾಣೆಬೆನ್ನೂರಿನ ಆ ಕುರುಚಲು ಗುಡ್ಡ, ಹುಲ್ಲುಬಯಲುಗಳಲ್ಲಿ ಅಭಯಾರಣ್ಯ ಘೋಷಣೆಗೂ ಮೊದಲೇ ಅರಣ್ಯ ಇಲಾಖೆ ನೀಲಗಿರಿ ನೆಡಲು ಶುರು ಮಾಡಿತ್ತು. ಇದನ್ನು ಯಾರೋ ಒಬ್ಬ ಅಧಿಕಾರಿಯ ತಪ್ಪು ಎಂದು ಬರೆದುಬಿಡುವುದು ಸುಲಭ. ಆದರೆ ಅದು ಸರಿಯಲ್ಲ. ಆ ಇಲಾಖೆ ಹುಟ್ಟಿದ್ದೇ ಮರಕ್ಕಾಗಿ. ಮುಂಬೈ ಪ್ರಾಂತದಲ್ಲಿ 1847ರಲ್ಲಿ, ಮದ್ರಾಸಿನಲ್ಲಿ 1856ರಲ್ಲಿ, ಮೈಸೂರಿನಲ್ಲಿ 1864ರಲ್ಲಿ ಅರಣ್ಯ ಆಡಳಿತ ಆರಂಭವಾದದ್ದು ಹಡಗಿಗೆ, ರೈಲು ಹಳಿಗೆ, ಕಟ್ಟಡಕ್ಕೆ ಬೇಕಾದ ಮರಮುಟ್ಟು ಕೈತಪ್ಪಬಾರದೆಂದು. ಹೊಳೆಯಾಚೆಯ ಧಾರವಾಡ ಜಿಲ್ಲೆ ಮುಂಬೈಗೆ ಸೇರಿತ್ತು, ಈಚೆಯ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಎರಡೂ ದಂಡೆಯ ಕಡತಗಳಲ್ಲಿ ಮರವಿಲ್ಲದ ನೆಲಕ್ಕೆ ಇದ್ದ ಹೆಸರು ಒಂದೇ: ಪಾಳು ಭೂಮಿ. ಕುರಿ ಮೇಯಿಸುವವನಿಗೆ ಅದು ಹುಲ್ಲುಗಾವಲು, ಹಕ್ಕಿಗೆ ಮನೆ. ಕಡತಕ್ಕೆ ಮಾತ್ರ ಪಾಳು. ಸ್ವಾತಂತ್ರ್ಯ ಬಂದ ಮೇಲೂ ಆ ಶಬ್ದ ಬದಲಾಗಲಿಲ್ಲ. 1985ರಲ್ಲಿ ಕೇಂದ್ರ ಸರ್ಕಾರ ಪಾಳು ಭೂಮಿ ಅಭಿವೃದ್ಧಿಗೆಂದೇ ಒಂದು ರಾಷ್ಟ್ರೀಯ ಮಂಡಳಿ ಮಾಡಿತು.

ಪಾಳು ಎಂದ ಮೇಲೆ ಅದನ್ನು ಹಸಿರು ಮಾಡಬೇಕು. ಹಸಿರು ಎಂದರೆ ಗಿಡ. ಬೇಗ ಬೆಳೆಯುವ, ಆಡು ಕುರಿ ಬಾಯಿ ಹಾಕದ, ಕಡಿದರೆ ಮತ್ತೆ ಚಿಗುರುವ ಗಿಡ ಯಾವುದು? ನೀಲಗಿರಿ. ಹೀಗೆ ಒಂದು ಶಬ್ದದಿಂದ ಒಂದು ನೆಡುತೋಪು ಎದ್ದಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದರಡಿ ಎರಡು ವರ್ಷಕ್ಕೆ ರಾಣೆಬೆನ್ನೂರು ಅಭಯಾರಣ್ಯವಾಯಿತು. ಅದೇ 1972ರಲ್ಲಿ ಅದೇ ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. ಅದು ಮರದ ತಿರುಳಿನಿಂದ ನಾರಿನ ಕಚ್ಚಾಮಾಲು ಮಾಡುವ ಕಾರ್ಖಾನೆ. ಅದಕ್ಕೆ ಬೇಕಾದದ್ದು ನೀಲಗಿರಿ. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಒಂದು ಕಡೆ ಬಯಲು ಬಯಲಾಗಿಯೇ ಇರಲಿ ಎನ್ನುವ ಕಾನೂನು, ಇನ್ನೊಂದು ಕಡೆ ನೀಲಗಿರಿಗೆ ಬಂದ ಬೆಲೆ. ಎರಡೂ ಬಂದು ಕೂತದ್ದು ಒಂದೇ ಇಲಾಖೆಯ ಮೇಜಿನ ಮೇಲೆ.

ಅರಣ್ಯ ಇಲಾಖೆಯಲ್ಲಿ ಎರಡು ಬಗೆಯ ಯೋಜನೆಗಳಿರುತ್ತವೆ. ಕಾರ್ಯಯೋಜನೆ ಎಂಬುದು ಹಳೆಯದು, ಬ್ರಿಟಿಷರ ಕಾಲದ್ದು: ಯಾವ ಬ್ಲಾಕಿನಲ್ಲಿ ಯಾವ ವರ್ಷ ಏನು ಕಡಿಯಬೇಕು, ಏನು ನೆಡಬೇಕು ಎಂಬ ಲೆಕ್ಕ. ನಿರ್ವಹಣಾ ಯೋಜನೆ ಎಂಬುದು ಅಭಯಾರಣ್ಯಕ್ಕೆ: ಯಾವ ಪ್ರಾಣಿಗೆ ಏನು ಬೇಕು, ಹುಲ್ಲು ಎಲ್ಲಿ ಉಳಿಸಬೇಕು, ಬೆಂಕಿ ರೇಖೆ ಎಲ್ಲಿ, ನೀರು ಎಲ್ಲಿ. ಮೊದಲನೆಯದಕ್ಕೆ ನೂರು ವರ್ಷದ ಅಭ್ಯಾಸ, ತರಬೇತಾದ ಸಿಬ್ಬಂದಿ, ಆದಾಯದ ಬಲ ಇತ್ತು. ಎರಡನೆಯದು ಹೊಸತು, ಖರ್ಚಿನ ಬಾಬತ್ತು. ನೆಟ್ಟ ಗಿಡವನ್ನು ಎಣಿಸಬಹುದು, ಫೋಟೋ ತೆಗೆಯಬಹುದು, ಬಿಲ್ಲು ಬರೆಯಬಹುದು. ಮುಟ್ಟದೆ ಬಿಟ್ಟ ಹುಲ್ಲಿಗೆ ಬಿಲ್ಲು ಬರೆಯುವುದು ಹೇಗೆ? ಯಾವುದೇ ಇಲಾಖೆ ತನ್ನ ಕೆಲಸವನ್ನು ಯಾವುದರಿಂದ ಅಳೆಯುತ್ತದೋ ಆ ಕೆಲಸವನ್ನೇ ಮಾಡುತ್ತದೆ. ರಾಣೆಬೆನ್ನೂರಿನ ಕಥೆಯ ಅರ್ಧಕ್ಕಿಂತ ಹೆಚ್ಚು ಇಲ್ಲೇ ಇದೆ ಎಂದು ನಮಗನ್ನಿಸುತ್ತದೆ.

ಒಳಗಿನವರಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ರಾಜ್ಯದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ರಾಣೆಬೆನ್ನೂರಿನಲ್ಲಿ ಗಿಡ ನೆಟ್ಟದ್ದರಿಂದ ಅಲ್ಲಿನ ಜೀವಿಗಳ ಮೇಲಾದ ಪರಿಣಾಮದ ಬಗ್ಗೆಯೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದಿದ್ದರು. ಅದೂ ಅಭಯಾರಣ್ಯವಾಗಿ ಹತ್ತು ವರ್ಷ ತುಂಬುವ ಮೊದಲೇ. ಮುಂದೆ ಬೆಂಗಳೂರಿನ ರಸ್ತೆಗಳಿಗೆ ಸಾಲುಮರ ನೆಡಿಸಿ ಹೆಸರಾದ ಅಧಿಕಾರಿ ಇವರೇ. ಎಲ್ಲಿ ಮರ ಬೇಕು, ಎಲ್ಲಿ ಬೇಡ ಎಂದು ಯೋಚಿಸಬಲ್ಲವರು ಇಲಾಖೆಯಲ್ಲೇ ಇದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎರೆಭೂತದ ಬಗ್ಗೆ 1980ರಲ್ಲಿ ಜೈಪುರದಲ್ಲಿ ಅಂತರರಾಷ್ಟ್ರೀಯ ವಿಚಾರ ಸಂಕಿರಣವೂ ನಡೆಯಿತು. ಆ ದಶಕದಲ್ಲಿ ಅಸದ್ ರಹಮಾನಿ ಮತ್ತು ಸಂಗಡಿಗರು ದೇಶದ ಉದ್ದಗಲಕ್ಕೂ ಅದನ್ನು ಹುಡುಕಿ ಅಧ್ಯಯನ ಮಾಡಿದರು. ಅಂದರೆ ಅರಿವಿನ ಕೊರತೆ ಇರಲಿಲ್ಲ. ಲೇಖನದ ತಿಳಿವಳಿಕೆ ವಾರ್ಷಿಕ ಗುರಿಯ ಕಾಗದಕ್ಕೆ ಇಳಿಯಲಿಲ್ಲ, ಅಷ್ಟೆ. ಬರೆದ ಅಧಿಕಾರಿ ವರ್ಗವಾಗುತ್ತಾರೆ, ಗುರಿಯ ಕಾಗದ ಅಲ್ಲೇ ಉಳಿಯುತ್ತದೆ.

1980ರ ದಶಕ ನೀಲಗಿರಿಯ ದಶಕ. 1983ರಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಕರ್ನಾಟಕಕ್ಕೆ ಬಂತು. ಊರಿಗೆ ಸೌದೆ, ಮೇವು ಕೊಡಬೇಕಾಗಿದ್ದ ಆ ಯೋಜನೆಯಲ್ಲಿ ಹೊಲಹೊಲಕ್ಕೂ ನೀಲಗಿರಿ ಹರಡಿತು. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿ, ಸುಮಾರು 30 ಸಾವಿರ ಹೆಕ್ಟೇರ್ ನೆಲವನ್ನು ನೀಲಗಿರಿಯಂಥ ತಿರುಳಿನ ಮರ ಬೆಳೆಯಲು ಕೊಡಲು ಮುಂದಾಯಿತು. ಅದರಲ್ಲಿ ಬಹುಪಾಲು ಊರವರು ದನ ಮೇಯಿಸುತ್ತಿದ್ದ ಗೋಮಾಳ, ಬೆಟ್ಟದ ನೆಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದರ ವಿರುದ್ಧ ಎದ್ದಿತು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ ಎಂದು ಅದು ಹೆಸರಾಯಿತು. 1991ರಲ್ಲಿ ಕಂಪನಿಯನ್ನೇ ಮುಚ್ಚಬೇಕಾಯಿತು.

ಈ ಹೋರಾಟ ನಮ್ಮ ಭಾಗದ ಹೆಮ್ಮೆ. ಆದರೆ ಒಂದು ಮಾತು ಹೇಳಲೇಬೇಕು. ಗೋಮಾಳಕ್ಕೆ ವಾರಸುದಾರರಿದ್ದರು, ದನ ಕಟ್ಟಿದವರು ಬಂದು ಸಸಿ ಕಿತ್ತರು. ಅಭಯಾರಣ್ಯದ ಬೇಲಿಯೊಳಗಿನ ನೀಲಗಿರಿಯನ್ನು ಕೀಳಲು ಯಾರೂ ಬರಲಿಲ್ಲ. ಬರುವಂತೆಯೂ ಇರಲಿಲ್ಲ, ಅಭಯಾರಣ್ಯ ಎಂದ ಕೂಡಲೇ ಕುರಿಗಾಹಿಯೂ ದನಗಾಹಿಯೂ ಹೊರಗಿನವರಾಗಿದ್ದರು. ಮೇಲಿನಿಂದ ಕೇಳುವವರಿಲ್ಲ, ಕೆಳಗಿನಿಂದ ಕೇಳುವವರನ್ನು ಹೊರಗಿಟ್ಟಾಗಿದೆ. ಯೋಜನೆ ದಾರಿ ತಪ್ಪಿದಾಗ ಎಚ್ಚರಿಸಲು ಉಳಿದವರು ಯಾರು?

ಹಾಗಿದ್ದರೆ ಚಿಗರಿ ಹೇಗೆ ಗೆದ್ದಿತು? ಬೇಟೆ ನಿಂತಿತು, ಅದೇ ಮುಖ್ಯ ಕಾರಣ. ಬೇಟೆ ತಡೆಯುವುದು ಇಲಾಖೆಗೆ ಗೊತ್ತಿದ್ದ ಕೆಲಸ: ಗಾರ್ಡ್, ವಾಚರ್, ಗಸ್ತು, ಕೇಸು. ಚಿಗರಿಗೆ ಹಗಲು ಮರೆಯಾಗಲು ನೆಡುತೋಪು ಆದೀತು, ಮೇಯಲು ಸುತ್ತಲಿನ ಹೊಲ ಇದ್ದೇ ಇದೆ. ಅದು ಹೊಂದಿಕೊಳ್ಳುವ ಜೀವ. ಎರೆಭೂತ ಹೊಂದಿಕೊಳ್ಳದ ಜೀವ. ಅದಕ್ಕೆ ಕಾವಲು ಸಾಲದು, ನೆಲವೇ ಬೇಕು. ಹೀಗಾಗಿ ಇಲಾಖೆಗೆ ಯಾವ ಕೆಲಸ ಬರುತ್ತಿತ್ತೋ ಆ ಕೆಲಸ ಸಾಕಾಗುವ ಪ್ರಾಣಿ ಉಳಿಯಿತು.

ಆ ಗೆಲುವಿನ ಬೆಲೆ ಕೊಡುತ್ತಿರುವವರು ಯಾರು ಎಂಬುದೂ ಮರೆಯುವ ಮಾತಲ್ಲ. ಅಭಯಾರಣ್ಯದ ಅಂಚಿನ ಊರುಗಳಲ್ಲಿ ಗೋವಿನಜೋಳ, ಹತ್ತಿ, ಶೇಂಗಾ ಮೊಳಕೆಯೊಡೆಯುವ ಹೊತ್ತಿಗೆ ಚಿಗರಿ ಹಿಂಡು ಇಳಿಯುತ್ತದೆ. ಒಂದು ರಾತ್ರಿಗೆ ಎಕರೆಗಟ್ಟಲೆ ಎಳೆ ಪೈರು ಹೋಗುತ್ತದೆ. ಎರಡನೇ ಸಲ ಬಿತ್ತಬೇಕು. ಬೀಜ, ಗೊಬ್ಬರ, ಆಳು ಎಲ್ಲ ಮತ್ತೆ. ಪರಿಹಾರಕ್ಕೆ ಅರ್ಜಿ, ಫೋಟೋ, ಪಹಣಿ, ಮಹಜರು. ಇದರ ಇನ್ನೊಂದು ತುದಿ ಏನೆಂದು ಮಧ್ಯಪ್ರದೇಶದ ಕರೇರಾ ತೋರಿಸುತ್ತದೆ. ಶಿವಪುರಿ ಜಿಲ್ಲೆಯ ಆ ಅಭಯಾರಣ್ಯವನ್ನು 1981ರಲ್ಲಿ ಎರೆಭೂತಕ್ಕೆಂದೇ ಘೋಷಿಸಿದರು. ರೈತರ ಹೊಲಗಳೂ ಗಡಿಯೊಳಗೆ ಬಂದವು, ಜಮೀನು ಮಾರಾಟಕ್ಕೆ ನಿರ್ಬಂಧ ಬಿತ್ತು. ಚಿಗರಿ ಹೆಚ್ಚಿ ಬೆಳೆ ತಿಂದಿತು. ಊರವರ ಸಿಟ್ಟು ಅಭಯಾರಣ್ಯದ ಮೇಲೆಯೇ ತಿರುಗಿತು. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಅಲ್ಲಿ ಎರೆಭೂತ ಇಲ್ಲವಾಯಿತು. ಸೊಲ್ಲಾಪುರದ ಕಡೆ ಇನ್ನೊಂದು ತಮಾಷೆ: 1979ರಲ್ಲಿ ಮಹಾರಾಷ್ಟ್ರ ಘೋಷಿಸಿದ ಎರೆಭೂತದ ಅಭಯಾರಣ್ಯ 8,496 ಚದರ ಕಿಲೋಮೀಟರ್, ಅದರೊಳಗೆ ಊರು, ಪೇಟೆ, ರಸ್ತೆ, ಎಲ್ಲ. ಕೊನೆಗೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಕಾಗದದ ಮೇಲೆ ದೊಡ್ಡದಾಗಿ ಬರೆದ ಗಡಿಯನ್ನು ಕಾಯುವುದು ಯಾರಿಂದಲೂ ಆಗಲಿಲ್ಲ.

ಹೊಳಲಿನವರಿಗೆ ಇಂಥ ಕಥೆ ಹೊಸದಲ್ಲ. ಹೊಸಪೇಟೆಯ ಹತ್ತಿರ ಅನಂತಶಯನಗುಡಿ ಇದೆ; ಕೃಷ್ಣದೇವರಾಯ 1524ರಲ್ಲಿ ಕಟ್ಟಿಸಿದ ಭಾರಿ ಗುಡಿ. ಒಳಗೆ ಪೀಠವಿದೆ, ದೇವರಿಲ್ಲ. ಹೊಳಲಿನಿಂದ ದೇವರನ್ನು ಕರೆದೊಯ್ಯುವಾಗ ಹಿಂದಿರುಗಿ ನೋಡಬಾರದೆಂಬ ಮಾತಿತ್ತಂತೆ, ನೋಡಿದರಂತೆ, ದೇವರು ಹೊಳಲಿನಲ್ಲೇ ಮಲಗಿಬಿಟ್ಟನಂತೆ. ಗುಡಿ ಕಟ್ಟುವುದು ಒಂದು ಕೆಲಸ, ದೇವರು ಬರುವುದು ಇನ್ನೊಂದು.

ಈಗ ಈಚೆ ದಂಡೆಗೆ ಬರೋಣ. ಸಂಡೂರು–ಹೊಸಪೇಟೆಯ ನಡುವಿನ ದರೋಜಿ ಕರಡಿಧಾಮ 1994ರದ್ದು. ಇದು ಬಹುಮಟ್ಟಿಗೆ ಗೆದ್ದ ಯೋಜನೆ. ಏಕೆ ಎಂದು ನೋಡಿದರೆ ರಾಣೆಬೆನ್ನೂರಿಗೆ ಉತ್ತರ ಸಿಗುತ್ತದೆ. ಗುರಿ ಒಂದೇ ಪ್ರಾಣಿ. ಕರಡಿಗೆ ಬೇಕಾದ ಬಂಡೆಗುಡ್ಡ ಅಲ್ಲಿ ಇದ್ದೇ ಇತ್ತು, ಇಲಾಖೆ ನೆಟ್ಟದ್ದು ಕರಡಿ ತಿನ್ನುವ ಬಾರಿ, ಕವಳೆ, ಜಾನೆಯಂಥ ನಾಡಗಿಡಗಳನ್ನು. ಅಂದರೆ ಗಿಡ ನೆಡುವ ಇಲಾಖೆಯ ಅಭ್ಯಾಸವೂ ಪ್ರಾಣಿಯ ಅಗತ್ಯವೂ ಇಲ್ಲಿ ಎದುರುಬದುರಾಗಲಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆಯವರಂಥ, ಮಂತ್ರಿಯೂ ಆಗಿದ್ದ, ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದ ಒಬ್ಬರ ಆಸಕ್ತಿ ಬೆನ್ನಿಗಿತ್ತು. ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿ ತೋರಿಸುವ ಪದ್ಧತಿಯ ಬಗ್ಗೆ ನಮಗೆ ತಕರಾರಿದೆ, ಕಾಡುಪ್ರಾಣಿಗೆ ಊಟದ ಗಂಟೆ ಬಾರಿಸುವುದು ಒಳ್ಳೆಯದಲ್ಲ. ಆದರೂ ಅದನ್ನು ನೋಡಲು ಜನ ಬಂದರು, ಧಾಮದ ಹೆಸರು ಉಳಿಯಿತು ಎಂಬುದು ನಿಜ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ 2013ರದ್ದು. 2019ರಲ್ಲಿ ಅದನ್ನು ಹಲವು ಪಟ್ಟು ಹಿಗ್ಗಿಸಲಾಯಿತು. ಇಲ್ಲಿನ ಬಂಡೆಗುಡ್ಡಗಳಿಗೆ ಕಲ್ಲುಗಣಿಯ ಕಣ್ಣು ಬೀಳುವುದು ಸಹಜ, ಹಾಗಾಗಿ ಕಾನೂನಿನ ರಕ್ಷೆ ಸಿಕ್ಕಿದ್ದು ದೊಡ್ಡ ಮಾತು. ಆದರೆ ಗಡಿ ಹಿಗ್ಗಿದಷ್ಟೇ ಗಾರ್ಡುಗಳ ಸಂಖ್ಯೆಯೂ ಹಿಗ್ಗಬೇಕು. ಶೇಂಗಾ, ಮೆಕ್ಕೆಜೋಳದ ಹೊಲದಲ್ಲಿ ಮಲಗುವ ರೈತನಿಗೆ ಕರಡಿ ಎದುರಾದರೆ ಆಸ್ಪತ್ರೆಗೆ ಒಯ್ಯಲು ಗಾಡಿ ಬೇಕು, ಪರಿಹಾರ ಬೇಗ ಬರಬೇಕು. ಇವು ನಕ್ಷೆಯಲ್ಲಿ ಕಾಣುವ ಸಂಗತಿಗಳಲ್ಲ. ಯೋಜನೆ ಊರಲ್ಲಿ ನಿಲ್ಲುವುದೂ ಬೀಳುವುದೂ ಇವುಗಳ ಮೇಲೆ.

ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಆಯಿತು. ದೇಶದಲ್ಲಿ ನೀರುನಾಯಿಗೆಂದು ಆದ ಮೊದಲ ಮೀಸಲು. ಯೋಜನೆ ಅರಣ್ಯ ಇಲಾಖೆಯದು. ಆದರೆ ಅಣೆಕಟ್ಟೆಯಿಂದ ಕೆಳಕ್ಕೆ ಎಷ್ಟು ನೀರು, ಯಾವಾಗ ಎಂಬುದು ತುಂಗಭದ್ರಾ ಮಂಡಳಿಯ ಲೆಕ್ಕ. ಮರಳು ಗಣಿ ಇಲಾಖೆಯದು, ಮೀನು ಮೀನುಗಾರಿಕೆ ಇಲಾಖೆಯದು. ಹೊಳೆಯೊಳಗಿನ ನೀರುನಾಯಿ ಮಾತ್ರ ಅರಣ್ಯ ಇಲಾಖೆಯದು.

ಇದಕ್ಕೆ ನಮ್ಮ ಗಡಿಗಳ ಗೊಂದಲವನ್ನೂ ಸೇರಿಸಬೇಕು. ಬಳ್ಳಾರಿ 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಬಂತು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ವಾಪಸು ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹೊಳೆಯಾಚೆ ಧಾರವಾಡ ಒಡೆದು 1997ರಲ್ಲಿ ಹಾವೇರಿ ಆಯಿತು. ಹೀಗೆ ಜಿಲ್ಲೆ ಬದಲಾದಾಗಲೆಲ್ಲ ಸಭೆ ಕರೆಯುವ ಜಿಲ್ಲಾಧಿಕಾರಿ ಬದಲು, ಉಸ್ತುವಾರಿ ಮಂತ್ರಿ ಬದಲು, ಕಂದಾಯದ ಕಡತ ಇರುವ ಊರು ಬದಲು. ಹತ್ತು ವರ್ಷದ ನಿರ್ವಹಣಾ ಯೋಜನೆ ಈ ಪ್ರಯಾಣದಲ್ಲಿ ಜೊತೆಗೆ ಬರಬೇಕು. ದೆಹಲಿಯಲ್ಲೂ ಯೋಜನೆಗಳಿವೆ: ಮೊದಲ ರಾಷ್ಟ್ರೀಯ ವನ್ಯಜೀವಿ ಕ್ರಿಯಾ ಯೋಜನೆ 1983ರಲ್ಲಿ, ಎರಡನೆಯದು 2002ರಿಂದ 2016ಕ್ಕೆ, ಮೂರನೆಯದು 2017ರಿಂದ 2031ಕ್ಕೆ. ಅಲ್ಲಿಂದ ಇಲ್ಲಿನ ವಾಚರ್‌ವರೆಗೆ ಕಾಗದ ಇಳಿದು ಬರುವ ಹೊತ್ತಿಗೆ ಅದರಲ್ಲಿ ಎಷ್ಟು ಉಳಿದಿರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ದಿನಗೂಲಿಯ ಆ ವಾಚರ್‌ಗೆ ಸಂಬಳ ಸಕಾಲಕ್ಕೆ ಬರುವುದೇ ದೊಡ್ಡ ಸಂಗತಿ. ಬೆಂಕಿ ರೇಖೆ ಚಳಿಗಾಲದಲ್ಲೇ ಆಗಬೇಕು. ಹಣ ಮಾರ್ಚಿನಲ್ಲಿ ಬಂದರೆ ಹುಲ್ಲು ಅಷ್ಟರಲ್ಲಿ ಉರಿದಿರುತ್ತದೆ.

ಎರೆಭೂತದ ವಿಚಾರಕ್ಕೆ ಮರಳಿದರೆ, ಕರ್ನಾಟಕದಲ್ಲಿ ಅದರ ಕೊನೆಯ ನೆಲೆ ಎಂದು ಈಗ ಹೇಳುವುದು ಸಿರುಗುಪ್ಪದ ಎರೆಹೊಲಗಳನ್ನು. ಬೆರಳೆಣಿಕೆಯ ಹಕ್ಕಿಗಳು. ಅದು ಅಭಯಾರಣ್ಯವಲ್ಲ, ರೈತರ ಹೊಲ, ಕಂದಾಯ ಭೂಮಿ. ಅಭಯಾರಣ್ಯ ಮಾಡಿದ ಕಡೆ ಹೋದ ಹಕ್ಕಿ ಅಭಯಾರಣ್ಯವಲ್ಲದ ಕಡೆ ಉಳಿದಿದೆ! ಅಲ್ಲಿ ಮಳೆಯಾಶ್ರಿತ ಬೇಸಾಯ ಉಳಿದಷ್ಟು ದಿನ ಅದಕ್ಕೂ ಜಾಗ. ದೇಶದಲ್ಲಿ ಈಗ ಇನ್ನೂರಕ್ಕಿಂತ ಕಡಿಮೆ ಎರೆಭೂತಗಳಿವೆ ಎಂಬ ಅಂದಾಜು, ಬಹುಪಾಲು ರಾಜಸ್ಥಾನದಲ್ಲಿ. ಅಲ್ಲಿ ಸೌರವಿದ್ಯುತ್ತಿನ ತಂತಿಗೆ ಬಡಿದು ಸಾಯುತ್ತವೆಂದು 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿ ಹಾಕಲು ಹೇಳಿತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿತು. ಕರ್ನಾಟಕ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಭಯಾರಣ್ಯಕ್ಕೆ ಆಗ 43 ವರ್ಷ.

ಉಳಿದದ್ದು ಅಂಕಸಮುದ್ರ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಕೆರೆ 98.76 ಹೆಕ್ಟೇರ್. ಕೆರೆಯೊಳಗೆ ಬೆಳೆದ ಜಾಲಿ ಮರಗಳ ಮೇಲೆ ಕೊಕ್ಕರೆ, ನೀರುಕಾಗೆ ಗೂಡು ಕಟ್ಟುತ್ತವೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಸಂರಕ್ಷಣಾ ಮೀಸಲು ಎಂಬುದು 2002ರ ತಿದ್ದುಪಡಿಯಲ್ಲಿ ಬಂದ ಹೊಸ ಬಗೆ. ಅಭಯಾರಣ್ಯದಂತೆ ಊರವರನ್ನು ಹೊರಗಿಡುವುದಿಲ್ಲ. ಘೋಷಿಸುವ ಮೊದಲು ಅವರ ಜೊತೆ ಮಾತಾಡಬೇಕು, ಆಮೇಲೆ ನಿರ್ವಹಣಾ ಸಮಿತಿಯಲ್ಲಿ ಅವರಿಗೆ ಜಾಗ ಕೊಡಬೇಕು. ರಾಣೆಬೆನ್ನೂರಿನಲ್ಲಿ ಇಲ್ಲದಿದ್ದ ಆ ಕೆಳಗಿನ ದನಿಗೆ ಇಲ್ಲಿ ಕಾನೂನೇ ಕುರ್ಚಿ ಹಾಕಿದೆ.

ಆ ಸಮಿತಿಯಲ್ಲಿ ಯಾರಿರಬೇಕೆಂದು ಕಾಯ್ದೆ ಪಟ್ಟಿ ಮಾಡಿದೆ. ಅರಣ್ಯ ಇಲಾಖೆಯವರು ಸದಸ್ಯ ಕಾರ್ಯದರ್ಶಿ. ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು. ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿದ ಸಂಸ್ಥೆಗಳಿಂದ ಮೂವರು. ಕೃಷಿ ಇಲಾಖೆಯಿಂದ ಒಬ್ಬರು, ಪಶುಸಂಗೋಪನೆಯಿಂದ ಒಬ್ಬರು. ಅಂಕಸಮುದ್ರ ನೀರಾವರಿ ಕೆರೆ. ಮರಿಗಳು ಗೂಡಿನಲ್ಲಿರುವಾಗ ಕೆರೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂಬುದರ ಮೇಲೆ ಆ ವರ್ಷದ ಸಂತಾನ ನಿಂತಿದೆ, ಆ ನೀರಿನ ಮೇಲೆ ಅಚ್ಚುಕಟ್ಟಿನ ರೈತರ ಬೆಳೆಯೂ ನಿಂತಿದೆ. ಕಾಯ್ದೆಯ ಆ ಪಟ್ಟಿಯಲ್ಲಿ ನೀರಾವರಿ ಇಲಾಖೆಯ ಹೆಸರಿಲ್ಲ. ತೂಬು ಎತ್ತುವವರನ್ನು ಸಮಿತಿಯ ಸಭೆಗೆ ಕರೆಯಬಾರದೆಂದೂ ಅದರಲ್ಲಿ ಎಲ್ಲೂ ಬರೆದಿಲ್ಲ.